ಡೀಸೆಲ್ ಏರಿತು, ಬಾಡಿಗೆ ಏರಲಿಲ್ಲ. ಸರ್ಚಾರ್ಜ್ ಕೇಳುವುದು ಹೇಗೆ?

ಹನ್ನೆರಡು_ಚಕ್ರ
ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಗಾಡಿ, ಮೂರೂ ಹನ್ನೆರಡು ಚಕ್ರದವು. ಎರಡು ಬೆಂಗಳೂರು–ಪುಣೆ ಓಡುತ್ತವೆ, ಒಂದು ಹೈದರಾಬಾದ್ ಲೈನಿನಲ್ಲಿದೆ. ಪುಣೆ ಲೋಡ್ ಪೂರ್ತಿ ಒಂದೇ ಕಂಪನಿಯದು. ಅವರ ಜೊತೆ ಅಗ್ರಿಮೆಂಟ್ ಆಗಿದ್ದು 2024ರ ಮೇ ತಿಂಗಳಲ್ಲಿ, ಎರಡು ವರ್ಷಕ್ಕೆ. ಆಗ ಬೆಂಗಳೂರಲ್ಲಿ ಡೀಸೆಲ್ 85 ರೂಪಾಯಿ 93 ಪೈಸೆ ಇತ್ತು. ಸಹಿ ಹಾಕಿ ತಿಂಗಳು ತುಂಬುವುದರೊಳಗೆ, ಜೂನ್‌ನಲ್ಲಿ, ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು. 2025ರ ಏಪ್ರಿಲ್ 1ಕ್ಕೆ ಮತ್ತೆ ಏರಿಸಿತು. ಆಗ 91.02 ಆಯ್ತು. ಬಾಡಿಗೆ ಮಾತ್ರ ಸಹಿ ಹಾಕಿದ ದಿನದ್ದೇ.

ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಪುಣೆಗೆ 840 ಕಿಮೀ. ಲೋಡ್ ಇದ್ದಾಗ ಲೀಟರಿಗೆ 4 ಕಿಮೀ ಕೊಡುತ್ತದೆ. ಅಂದರೆ ಹೋಗಲಿಕ್ಕೆ 210 ಲೀಟರ್. ಲೀಟರಿಗೆ 5 ರೂಪಾಯಿ 9 ಪೈಸೆ ಜಾಸ್ತಿ ಅಂದರೆ ಒಂದು ಕಡೆಗೇ 1,069 ರೂಪಾಯಿ. ತಿಂಗಳಿಗೆ ಐದು ಸಲ ಹೋಗಿ ಬಂದರೆ ಗಾಡಿಗೆ ಹತ್ತು ಸಾವಿರದ ಮೇಲೆ. ಎರಡು ಗಾಡಿಗೆ 21 ಸಾವಿರ. ಒಬ್ಬ ಡ್ರೈವರ್ ಸಂಬಳ ಆಯ್ತು ಅದು. ಇಎಂಐ ಕಟ್ಟಿ ಕೈಯಲ್ಲಿ ಉಳಿಯುತ್ತಿದ್ದುದು ಹೆಚ್ಚುಕಮ್ಮಿ ಅಷ್ಟೇ.

ಕಂಪನಿಯವರನ್ನು ಕೇಳಿದರೆ "ಡೀಸೆಲ್ ಕ್ಲಾಸ್ (ಷರತ್ತು) ಅಗ್ರಿಮೆಂಟಿನಲ್ಲಿ ಇಲ್ಲವಲ್ಲ" ಎನ್ನುತ್ತಾರೆ. ನಿಜ, ಇಲ್ಲ. ಸರ್ಚಾರ್ಜ್, ಅಂದರೆ ಡೀಸೆಲ್ ಏರಿದ್ದಕ್ಕೆ ಬಾಡಿಗೆ ಮೇಲೆ ಸೇರಿಸುವ ದುಡ್ಡು, ತೆಗೆದುಕೊಳ್ಳುತ್ತಿರುವವರು ಯಾರಾದರೂ ಇದ್ದರೆ, ಯಾವ ಲೆಕ್ಕದಲ್ಲಿ, ಯಾವ ಊರಿನ ರೇಟ್ ಹಿಡಿದು ಅಂತ ದಯವಿಟ್ಟು ಹೇಳಿ.

ಬಯಲುಸೀಮೆ_ಲಾರಿ
ಅಣ್ಣ, ನನ್ನ ಕಥೆಯೂ ಇದೇ. ಮಾರ್ಕೆಟ್ ಗಾಡಿ ಓಡಿಸುವ ನಮಗೆ ಅಗ್ರಿಮೆಂಟ್ ಅಂತ ಒಂದು ಕಾಗದವೂ ಇಲ್ಲ. ಏಜೆಂಟ್ ಹೇಳಿದ್ದೇ ಬಾಡಿಗೆ. ಒಲ್ಲೆ ಅಂದರೆ ಹಿಂದೆ ಹತ್ತು ಗಾಡಿ ನಿಂತಿರುತ್ತವೆ.

ಸಾಗರದಾರಿ
ಜೂನ್‌ನಲ್ಲಿ ಏರಿದ್ದು ಮೂರೂವರೆ ರೂಪಾಯಿ ಅಲ್ವಾ?

ಲೆಕ್ಕದ_ಮನುಷ್ಯ
ಮೊದಲ ದಿನ ಸುದ್ದಿಯಲ್ಲಿ ಮೂರೂವರೆ ಅಂತ ಬಂದಿತ್ತು. ಬಂಕಿನಲ್ಲಿ ಏರಿದ್ದು ಮೂರು ರೂಪಾಯಿ ಚಿಲ್ಲರೆ. ತೆರಿಗೆ 14.34 ಪರ್ಸೆಂಟ್ ಇದ್ದದ್ದು 18.44 ಆಯ್ತು. 2025ರ ಏಪ್ರಿಲ್‌ನಲ್ಲಿ 21.17. 2021ರ ನವೆಂಬರ್‌ಗೆ ಮುಂಚೆ 24 ಪರ್ಸೆಂಟ್ ಇತ್ತು, ಆಗ ಕೇಂದ್ರ ಸುಂಕ ಇಳಿಸಿದಾಗ ರಾಜ್ಯವೂ ಇಳಿಸಿತ್ತು. ಈಗ ಎರಡು ಕಂತಿನಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳುತ್ತಿದೆ.

ಇನ್ನೊಂದು ವಿಷಯ ಗಮನಿಸಿ. ಕೇಂದ್ರದ ಎಕ್ಸೈಸ್ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತದೆ. ನಮ್ಮ ರಾಜ್ಯದ್ದು ಪರ್ಸೆಂಟ್. ಹಾಗಾಗಿ ಮೂಲ ಬೆಲೆ ಏರಿದರೆ ತೆರಿಗೆಯೂ ತಾನಾಗಿ ಏರುತ್ತದೆ, ಯಾರೂ ಆದೇಶ ಹೊರಡಿಸಬೇಕಾಗಿಲ್ಲ.

ಟ್ರಾಫಿಕ್_ಡೆಸ್ಕ್
ನಾನು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಕಾಂಟ್ರಾಕ್ಟ್ ನೋಡಿಕೊಳ್ಳುತ್ತಿದ್ದೇನೆ. ಡೀಸೆಲ್ ಕ್ಲಾಸ್ ಬರೆಯುವುದು ಎರಡು ರೀತಿ.

ಒಂದು ಪರ್ಸೆಂಟ್ ರೀತಿ. ಬಾಡಿಗೆಯಲ್ಲಿ ಡೀಸೆಲ್ ಪಾಲು ಎಷ್ಟು ಅಂತ ಮೊದಲೇ ಒಪ್ಪಿಕೊಳ್ಳುವುದು, ಅರ್ಧ ಅಂತ ಇಟ್ಟುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಡೀಸೆಲ್ ಏರಿದ್ದು 5.92 ಪರ್ಸೆಂಟ್. ಅದರ ಅರ್ಧ, ಹತ್ತಿರ ಹತ್ತಿರ 3 ಪರ್ಸೆಂಟ್, ಬಾಡಿಗೆ ಮೇಲೆ ಸೇರಬೇಕು. ಬಾಡಿಗೆ 40,000 ಇದ್ದರೆ 1,185 ರೂಪಾಯಿ.

ಇನ್ನೊಂದು ಕಿಲೋಮೀಟರ್ ರೀತಿ, ನೀವು ರಾತ್ರಿ ಕೂತು ಹಾಕಿದ್ದು ಅದೇ. ದೂರವನ್ನು ಮೈಲೇಜಿನಿಂದ ಭಾಗಿಸಿ, ಏರಿದ ಪೈಸೆಯಿಂದ ಗುಣಿಸುವುದು. ನನಗೆ ಇದೇ ಇಷ್ಟ. ಪಾಲು 40 ಪರ್ಸೆಂಟೋ 50 ಪರ್ಸೆಂಟೋ ಅಂತ ಗಂಟೆಗಟ್ಟಲೆ ಜಗ್ಗಾಡುವುದು ತಪ್ಪುತ್ತದೆ. ಪಾಲು 40 ಅಂದುಬಿಟ್ಟರೆ ಅದೇ 1,185 ರೂಪಾಯಿ 948ಕ್ಕೆ ಇಳಿಯುತ್ತದೆ, ನೋಡಿ.

ಯಾವುದೇ ರೀತಿ ಇರಲಿ, ಮೂರು ವಿಷಯ ಕಾಗದದಲ್ಲಿ ಇರಲೇಬೇಕು: ಬೇಸ್ ರೇಟ್ (ಏರಿಕೆ ಎಣಿಸಲು ಶುರುಮಾಡುವ ರೇಟ್) ಎಷ್ಟು, ಯಾವ ಊರಿನದು, ಯಾವ ದಿನದ್ದು. "ಡೀಸೆಲ್ ಏರಿದರೆ ಬಾಡಿಗೆ ಪರಿಷ್ಕರಿಸಲಾಗುವುದು" ಅಂತ ಸುಮ್ನೆ ಒಂದು ಸಾಲು ಬರೆಸಿಕೊಂಡವರಿಗೆ ಒಂದು ರೂಪಾಯಿಯೂ ಸಿಗದೆ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹನ್ನೆರಡು_ಚಕ್ರ
ಸರ್, ತುಂಬಾ ಉಪಕಾರ. ಒಂದು ಸಂಶಯ. ಪುಣೆಯಿಂದ ಎಷ್ಟೋ ಸಲ ರಿಟರ್ನ್ ಲೋಡ್ ಸಿಗದೆ ಖಾಲಿ ಬರುತ್ತೇವೆ. ಖಾಲಿ ಗಾಡಿ ಐದೂವರೆ ಕೊಡುತ್ತದೆ ಅಂದರೂ 150 ಲೀಟರ್ ದಾಟುತ್ತದೆ. ಆ ಡೀಸೆಲ್‌ನ ಏರಿಕೆ ಯಾರ ತಲೆಗೆ?

ಟ್ರಾಫಿಕ್_ಡೆಸ್ಕ್
ಬಾಡಿಗೆ ಒಂದು ಕಡೆಯದಾದರೆ ನಿಮ್ಮ ತಲೆಗೇ. ಅದಕ್ಕೇ ಅಪ್-ಡೌನ್ ಕಿಮೀ ಹಿಡಿದೇ ಕ್ಲಾಸ್ ಬರೆಸಿ. ಪೂರ್ತಿ ಒಪ್ಪುವುದಿಲ್ಲ. ಅರ್ಧವಾದರೂ ಒಪ್ಪುತ್ತಾರೆ.

ಫ್ಯಾಕ್ಟರಿ_ಗೇಟ್
ನಾನು ಈ ವ್ಯವಹಾರದ ಆ ಕಡೆಯವನು, ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡುತ್ತೇನೆ. ಬೈಯುವ ಮುಂಚೆ ಪೂರ್ತಿ ಓದಿ.

ಹೈದರಾಬಾದ್ ಲೈನಿನ ಗಾಡಿಯವರು ನಮ್ಮ ಹತ್ತಿರ ಬಂದು ಆಂಧ್ರ, ತೆಲಂಗಾಣ ರೇಟ್ ತೋರಿಸಿ ಸರ್ಚಾರ್ಜ್ ಕೇಳುತ್ತಾರೆ. ಅನಂತಪುರದಲ್ಲೂ ಹೈದರಾಬಾದಿನಲ್ಲೂ ಇಲ್ಲಿಗಿಂತ ಜಾಸ್ತಿ, ಸುಳ್ಳಲ್ಲ. ಆದರೆ ಅಲ್ಲಿ ಯಾರು ಡೀಸೆಲ್ ಹಾಕಿಸುತ್ತಾರೆ? ಬಾಗೇಪಲ್ಲಿ ಹತ್ತಿರ ಗಡಿ ದಾಟುವ ಮುಂಚೆ ಟ್ಯಾಂಕ್ ಫುಲ್ ಮಾಡಿಸುತ್ತಾರೆ. 350 ಲೀಟರ್ ಟ್ಯಾಂಕು. ಹೈದರಾಬಾದಿಗೆ ಹೋಗಿ ಬರಲು 285 ಲೀಟರ್ ಸಾಕು. ಒಂದು ಹನಿಯೂ ಆಂಧ್ರದಲ್ಲಿ ಹಾಕಿಸದೆ ವಾಪಸ್ ಬರಬಹುದು. ಹಾಕಿಸಿದ್ದು ಇಲ್ಲಿ, ಕೇಳುವುದು ಅಲ್ಲಿನ ರೇಟು. ಇದು ಸರಿಯಾ?

ಎರಡನೆಯದು, ಇಳಿದಾಗಲೂ ಇಳಿಸಬೇಕು. 2024ರ ಮಾರ್ಚ್‌ನಲ್ಲಿ ಲೀಟರಿಗೆ ಎರಡು ರೂಪಾಯಿ ಇಳಿಯಿತು. ಆಗ ಯಾವ ಟ್ರಾನ್ಸ್‌ಪೋರ್ಟಿನವರೂ ತಾವಾಗಿ ಬಂದು ಬಾಡಿಗೆ ಇಳಿಸುತ್ತೇವೆ ಎನ್ನಲಿಲ್ಲ.

ಬಯಲುಸೀಮೆ_ಲಾರಿ
ಸರ್, ಎರಡು ರೂಪಾಯಿ ಇಳಿದದ್ದು ನಿಮಗೆ ನೆನಪಿದೆ. ಅದಕ್ಕೂ ಮುಂಚೆ, 2022ರ ಮಾರ್ಚ್ 22ರಿಂದ ಏಪ್ರಿಲ್ 6ರ ತನಕ ಎರಡು ವಾರದಲ್ಲಿ ಹತ್ತು ರೂಪಾಯಿ ಏರಿತ್ತು. ದಿನಾ ಬೆಳಗಾದರೆ 80 ಪೈಸೆ. ನಾನು ಆಗ ರಾಯಚೂರಿನಿಂದ ಅಕ್ಕಿ ತುಂಬಿಕೊಂಡು ಹೊರಟಿದ್ದೆ. ಬಾಡಿಗೆ ಮಾತಾಡಿದ ದಿನದ ರೇಟೇ ಬೇರೆ, ಅನ್‌ಲೋಡ್ ಆಗುವ ಹೊತ್ತಿಗೆ ಇದ್ದ ರೇಟೇ ಬೇರೆ. ಗೋಡೌನ್ ಮುಂದೆ ಎರಡು ದಿನ ಕಾಯಿಸಿದ್ದರು ಬೇರೆ. ಒಬ್ಬ ಪಾರ್ಟಿಯೂ ಒಂದು ಪೈಸೆ ಸೇರಿಸಿ ಕೊಡಲಿಲ್ಲ.

ಫ್ಯಾಕ್ಟರಿ_ಗೇಟ್
ಅದು ಅನ್ಯಾಯವೇ, ಒಪ್ಪುತ್ತೇನೆ. ಅದಕ್ಕೇ ಎರಡೂ ಕಡೆ ಕೆಲಸ ಮಾಡುವ ಕ್ಲಾಸ್ ಬೇಕು ಅಂತ ಹೇಳುತ್ತಿರುವುದು. ನಾವು ಕಾಗದದಲ್ಲಿ ಹಾಗೇ ಬರೆದಿದ್ದೇವೆ. ಎರಡು ಪರ್ಸೆಂಟ್‌ಗಿಂತ ಜಾಸ್ತಿ ಏರಿದರೂ ಇಳಿದರೂ ಬಾಡಿಗೆ ಬದಲಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರೂ ಸುಮ್ಮನಿರಬೇಕು.

ಹೈದ್ರಾಬಾದ್_ಲೈನ್
ಬಾಗೇಪಲ್ಲಿ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ ಸರ್. ಹೈದರಾಬಾದಿನಿಂದ ನಿಮ್ಮದೇ ಮಾಲು ಮುಂದೆ ನಾಗಪುರಕ್ಕೆ ಹೋದರೆ? ಆದಿಲಾಬಾದ್ ದಾಟುವ ತನಕ ಅದೇ ಟ್ಯಾಂಕು ಬರುತ್ತದಾ? ದಾರಿಯಲ್ಲಿ ಅಲ್ಲಿನ ರೇಟಿಗೇ ಹಾಕಿಸಬೇಕು.

ಆಂಧ್ರದಲ್ಲಿ ಯಾಕಷ್ಟು ಅಂದರೆ ಅಲ್ಲಿ 22.25 ಪರ್ಸೆಂಟ್ ವ್ಯಾಟ್, ಅದರ ಮೇಲೆ ಲೀಟರಿಗೆ ನಾಲ್ಕು ರೂಪಾಯಿ, ಅದರ ಮೇಲೆ ರಸ್ತೆಗೆ ಅಂತ ಒಂದು ರೂಪಾಯಿ ಸೆಸ್.

ಗಡಿನಾಡು
ನಾವು ಕಾರವಾರದವರು ಗೋವಾದ ಪೊಳೆಂನಲ್ಲಿ ಹಾಕಿಸುತ್ತೇವೆ. ಮಾಜಾಳಿ ದಾಟಿದರೆ ಆಯ್ತು.

ಕೃಷ್ಣಾತೀರ
ನಿಪ್ಪಾಣಿ ಕಡೆ ಈಗ ಆ ಲಾಭವೂ ಇಲ್ಲ. ಮೊದಲು ಮಹಾರಾಷ್ಟ್ರದ ಗಾಡಿಗಳು ನಮ್ಮ ಬಂಕಿಗೆ ಸಾಲುಗಟ್ಟಿ ಬರುತ್ತಿದ್ದವು. 2025ರ ಏಪ್ರಿಲ್ ಏರಿಕೆ ಆದ ಮೇಲೆ ಗಡಿಯಾಚೆಯ ಕಾಗಲ್ ರೇಟೂ ನಮ್ಮದೂ ಹೆಚ್ಚುಕಮ್ಮಿ ಒಂದೇ ಆಯ್ತು. ಚಿಲ್ಲರೆ ಪೈಸೆಗೆ ಯಾರು ಬರುತ್ತಾರೆ? ನಮ್ಮ ಮಾವನ ಬಂಕ್ ಹೈವೇ ಪಕ್ಕದಲ್ಲೇ ಇದೆ. ಮೊದಲು ರಾತ್ರಿ ಎರಡು ಗಂಟೆಗೂ ಇಬ್ಬರು ಹುಡುಗರು ಪೈಪ್ ಹಿಡಿದು ನಿಂತಿರುತ್ತಿದ್ದರು, ಕೈ ಬಿಡುವು ಇರುತ್ತಿರಲಿಲ್ಲ. ಈಗ ರಾತ್ರಿ ಪಾಳಿಗೆ ಒಬ್ಬನೇ, ಅವನೂ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂತಿರುತ್ತಾನೆ. ತೆರಿಗೆ ಏರಿಸಿದರೆ ವಸೂಲಿಯೂ ಅಷ್ಟೇ ಏರುತ್ತದೆ ಅಂತ ಲೆಕ್ಕ ಹಾಕುವವರು ಒಂದು ರಾತ್ರಿ ಅಲ್ಲಿ ಬಂದು ನಿಲ್ಲಬೇಕು.

ಬಳ್ಳಾರಿ_ಅದಿರು
ಎಲ್ಲರೂ ಬೆಂಗಳೂರು ರೇಟ್ ಹಿಡಿದೇ ಮಾತಾಡುತ್ತಿದ್ದೀರಿ. ಬಳ್ಳಾರಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದೇ ರಾಜ್ಯ, ಒಂದೇ ತೆರಿಗೆ, ಆದರೂ ಮಂಗಳೂರಿಗೂ ನಮಗೂ ಯಾಕೆ ಇಷ್ಟು ವ್ಯತ್ಯಾಸ? ಗಣಿ ಗಾಡಿಗಳು ಕುಡಿಯುವಷ್ಟು ಡೀಸೆಲ್ ರಾಜ್ಯದಲ್ಲಿ ಇನ್ನೆಲ್ಲಿ ಕುಡಿಯುತ್ತವೆ?

ಲೆಕ್ಕದ_ಮನುಷ್ಯ
ಸಾಗಣೆ ಖರ್ಚು. ಮಂಗಳೂರಲ್ಲಿ ರಿಫೈನರಿಯೇ ಇದೆ. ಅಲ್ಲಿಂದ ಹಾಸನದ ಮೇಲೆ ಬೆಂಗಳೂರಿನ ದೇವನಗೊಂದಿಗೆ ಪೈಪ್‌ಲೈನ್, 363 ಕಿಮೀ. ಪೈಪಿನಲ್ಲಿ ಬಂದರೆ ಅಗ್ಗ. ಡಿಪೋದಿಂದ ಬಂಕಿಗೆ ಟ್ಯಾಂಕರ್‌ನಲ್ಲಿ ಬರುವ ದೂರ ಜಾಸ್ತಿಯಾದಷ್ಟೂ ರೇಟ್ ಏರುತ್ತದೆ. ಆಮೇಲೆ ತೆರಿಗೆ ಪರ್ಸೆಂಟ್ ಅಲ್ವಾ, ಆ ಸಾಗಣೆ ಖರ್ಚಿನ ಮೇಲೂ ತೆರಿಗೆ ಬೀಳುತ್ತದೆ.

ಬಳ್ಳಾರಿ_ಅದಿರು
ಡೀಸೆಲ್ ತರುವ ಟ್ಯಾಂಕರಿನ ಡೀಸೆಲ್ ಖರ್ಚು ಬಂಕ್ ರೇಟಿನಲ್ಲೇ ಸೇರಿಬಿಡುತ್ತದೆ. ಅದಿರು ಸಾಗಿಸುವ ನಮಗೆ ಮಾತ್ರ ಬಾಡಿಗೆಯಲ್ಲಿ ಸೇರಿಸಬೇಡಿ ಎನ್ನುತ್ತಾರೆ. ಯೋಚನೆ ಮಾಡಿ.

ದೂರದೇಶ
ನಾನು ಅಮೆರಿಕದಲ್ಲಿ ಒಂದು ಟ್ರಕ್ಕಿಂಗ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ. ಇಲ್ಲಿ ಈ ಜಗಳ ಬಹುಮಟ್ಟಿಗೆ ಮುಗಿದಿದೆ, ಯಾಕೆ ಅಂತ ಹೇಳುತ್ತೇನೆ.

ಸರ್ಕಾರದ ಇಂಧನ ಅಂಕಿಅಂಶ ಸಂಸ್ಥೆ ಇಐಎ ಪ್ರತಿ ವಾರ ಡೀಸೆಲ್ ಬೆಲೆ ಪ್ರಕಟಿಸುತ್ತದೆ. ಇಡೀ ದೇಶದ ಸರಾಸರಿ ಒಂದು, ಆಮೇಲೆ ಪ್ರದೇಶವಾರು: ಪೂರ್ವ ಕರಾವಳಿ, ಮಿಡ್‌ವೆಸ್ಟ್, ಗಲ್ಫ್ ಕರಾವಳಿ, ರಾಕಿ ಪರ್ವತ ಪ್ರದೇಶ, ಪಶ್ಚಿಮ ಕರಾವಳಿ. ಕ್ಯಾಲಿಫೋರ್ನಿಯಾಕ್ಕೆ ಬೇರೆಯೇ ಸಾಲು. ಗಲ್ಫ್ ಕಡೆ ರಿಫೈನರಿ ಜಾಸ್ತಿ, ಅಲ್ಲಿ ಸಾಮಾನ್ಯವಾಗಿ ಅಗ್ಗ. ಕ್ಯಾಲಿಫೋರ್ನಿಯಾ ದುಬಾರಿ. ಲೋಡ್ ಕೊಡುವವರೂ ಗಾಡಿಯವರೂ ಆ ಅಂಕಿಯನ್ನೇ ಹಿಡಿಯುತ್ತಾರೆ. ನಿನ್ನ ಬಂಕು ನನ್ನ ಬಂಕು ಅಂತ ಇಲ್ಲ.

ಲೆಕ್ಕ ಹೀಗೆ. ಬೇಸ್ ಗ್ಯಾಲನ್‌ಗೆ 1.20 ಡಾಲರ್ ಅಂತ ಇಟ್ಟುಕೊಳ್ಳಿ, ಈ ವಾರದ ಬೆಲೆ 3.60. ವ್ಯತ್ಯಾಸ 2.40. ಗಾಡಿ ಗ್ಯಾಲನ್‌ಗೆ 6 ಮೈಲಿ ಅಂತ ಹಿಡಿದರೆ ಮೈಲಿಗೆ 40 ಸೆಂಟ್ ಸರ್ಚಾರ್ಜ್. ಬಿಲ್ಲಿನಲ್ಲಿ ಬಾಡಿಗೆಯ ಕೆಳಗೆ ಬೇರೆ ಸಾಲಿನಲ್ಲಿ ಬರುತ್ತದೆ.

ಬಾಗೇಪಲ್ಲಿ ಉಪಾಯವೂ ಇಲ್ಲಿ ಅಷ್ಟು ನಡೆಯುವುದಿಲ್ಲ. ಇಫ್ಟಾ ಅಂತ ರಾಜ್ಯಗಳ ನಡುವೆ ಇಂಧನ ತೆರಿಗೆ ಒಪ್ಪಂದ ಇದೆ. ಯಾವ ರಾಜ್ಯದಲ್ಲಿ ಹಾಕಿಸಿದ್ದೀರಿ ಅನ್ನುವುದಕ್ಕಿಂತ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿಸಿದ್ದೀರಿ ಅನ್ನುವುದು ಮುಖ್ಯ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಿ, ತೆರಿಗೆಯನ್ನು ಆ ಆ ರಾಜ್ಯಕ್ಕೆ ಸರಿಹೊಂದಿಸಬೇಕು.

ಹೈದ್ರಾಬಾದ್_ಲೈನ್
ನಮ್ಮಲ್ಲಿ ಹಾಕಿಸಿದ ರಾಜ್ಯಕ್ಕೇ ತೆರಿಗೆ. ಅಲ್ಲಿಗೆ ಮುಗಿಯಿತು.

ಮಲೆನಾಡ_ಹಾದಿ
ಇದೆಲ್ಲ ಯಾಕೆ, ಡೀಸೆಲ್‌ನ ಜಿಎಸ್‌ಟಿಗೆ ತಂದರೆ ಎಲ್ಲ ಕಡೆ ಒಂದೇ ರೇಟ್ ಆಗುತ್ತದೆ. ಸರ್ಚಾರ್ಜ್ ಗಲಾಟೆಯೇ ಇರುವುದಿಲ್ಲ.

ಲೆಕ್ಕದ_ಮನುಷ್ಯ
ಒಂದೇ ತೆರಿಗೆ ಆಗುತ್ತದೆ, ಒಂದೇ ರೇಟ್ ಆಗುವುದಿಲ್ಲ. ಸಾಗಣೆ ಖರ್ಚು ಎಲ್ಲಿ ಹೋಗುತ್ತದೆ? ಇನ್ನು ಕಚ್ಚಾ ತೈಲ ಏರಿದರೆ ಜಿಎಸ್‌ಟಿ ಇದ್ದರೂ ಏರುತ್ತದೆ. 2014ರ ಅಕ್ಟೋಬರ್‌ನಲ್ಲೇ ಡೀಸೆಲ್ ಬೆಲೆ ಕಂಪನಿಗಳ ಕೈಗೆ ಹೋಯಿತು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ 6ಕ್ಕೆ ರೇಟ್ ಬದಲಾಗಬಹುದು ಅನ್ನುವ ಪದ್ಧತಿ ಬಂತು. ಆಮೇಲೆ ತಿಂಗಳುಗಟ್ಟಲೆ ಅಲ್ಲಾಡದೆ ನಿಂತದ್ದೂ ಉಂಟು. ನಿಂತಿದೆ ಅಂತ ನಾವು ಮೈಮರೆಯುತ್ತೇವೆ, ಕ್ಲಾಸ್ ಇಲ್ಲದೆ ಸಹಿ ಹಾಕುತ್ತೇವೆ.

ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ನೈಸರ್ಗಿಕ ಅನಿಲ, ಈ ಐದೂ ಜಿಎಸ್‌ಟಿ ಹೊರಗೇ ಇವೆ. ರಾಜ್ಯಗಳಿಗೆ ಇದು ದೊಡ್ಡ ಆದಾಯ, ಸುಲಭಕ್ಕೆ ಬಿಡುವುದಿಲ್ಲ. ಬರುತ್ತದೆ ಅಂತ ಕಾಯುತ್ತಾ ಕೂತರೆ ನಿಮ್ಮ ಇಎಂಐ ಕಾಯುವುದಿಲ್ಲ.

ಸಾಗರದಾರಿ
ಮುಷ್ಕರ ಮಾಡಿದರಲ್ಲ ಏಪ್ರಿಲ್‌ನಲ್ಲಿ, ಏನಾಯ್ತು?

ಬಯಲುಸೀಮೆ_ಲಾರಿ
14ರ ಮಧ್ಯರಾತ್ರಿಯಿಂದ ನಿಲ್ಲಿಸಿದೆವು. 17ಕ್ಕೆ ಮಾತುಕತೆ ಆಗಿ ವಾಪಸ್ ತೆಗೆದುಕೊಂಡರು. ಚೆಕ್‌ಪೋಸ್ಟ್ ವಿಷಯ, ಟೋಲ್ ವಿಷಯ ಮಾತಾಯಿತು. ಡೀಸೆಲ್ ಇಳಿಯಲಿಲ್ಲ. ಮೂರು ದಿನ ಗಾಡಿ ಯಾರ್ಡಿನಲ್ಲಿ ನಿಂತಿತ್ತು. ಡ್ರೈವರ್ ಭತ್ಯೆ ಕೊಟ್ಟೆ, ಕ್ಲೀನರ್ ಹುಡುಗನಿಗೂ ಕೊಟ್ಟೆ. ಬೇಜಾರಿಲ್ಲ, ಎಲ್ಲರೂ ಒಟ್ಟಿಗೆ ನಿಂತೆವು ಅನ್ನುವುದೊಂದು ಇದೆ.

ತುಮಕೂರು_ಟೈರ್
ವಿಷಯ ಸ್ವಲ್ಪ ಬೇರೆ. ಮೊದಲ ಪೋಸ್ಟಿನವರು 4 ಕಿಮೀ ಅಂದರಲ್ಲ, ಆ ಗಾಡಿಗೆ ಕಡಿಮೆ ಆಯ್ತು. ಟೈರ್ ಗಾಳಿ ಯಾವಾಗ ನೋಡಿಸಿದ್ದು? ನನ್ನ ಅಂಗಡಿಗೆ ಬರುವ ಹತ್ತು ಗಾಡಿಯಲ್ಲಿ ಆರೇಳು ಗಾಡಿಗೆ ಹಿಂದಿನ ಒಳಚಕ್ರದಲ್ಲಿ ಗಾಳಿ ಕಡಿಮೆ ಇರುತ್ತದೆ. ಹೊರಚಕ್ರ ಒದ್ದು ನೋಡಿ ಹೋಗುತ್ತಾರೆ, ಒಳಗಿನದಕ್ಕೆ ಯಾರೂ ಕೈ ಹಾಕುವುದಿಲ್ಲ. ಅಲ್ಲಿ ಡೀಸೆಲ್ ಸೋರುತ್ತಿದೆ.

ಹನ್ನೆರಡು_ಚಕ್ರ
ಅಣ್ಣ, ಗಾಳಿ ಪ್ರತಿ ಟ್ರಿಪ್‌ಗೆ ನೋಡಿಸುತ್ತೇನೆ. ಒಳಚಕ್ರ ನೋಡುತ್ತಾರೋ ಇಲ್ಲವೋ ಅಂತ ಮುಂದಿನ ಸಲ ನಾನೇ ಪಕ್ಕದಲ್ಲಿ ನಿಂತಿರುತ್ತೇನೆ. ಆದರೆ ನಮ್ಮ ದಾರಿಯಲ್ಲಿ ಘಾಟ್ ಇದೆ, ಪುಣೆ ಹತ್ತಿರ ಖಂಬಾಟ್ಕಿ ಹತ್ತುವಾಗ ಸೆಕೆಂಡ್ ಗೇರಿನಲ್ಲಿ ತೆವಳುತ್ತದೆ. ಐದು ಕೊಡುತ್ತದೆ ಅಂತ ಹೇಳುವವರು ಒಮ್ಮೆ ಲೋಡ್ ಸಮೇತ ಬಂದು ನೋಡಲಿ.

ಡ್ರೈವರ್_ಮಗ
ನಮ್ಮ ಅಪ್ಪ ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು. ಒಂದು ಮಾತು ಹೇಳಬೇಕು ಅನಿಸಿತು. ಡೀಸೆಲ್ ಏರಿದಾಗ ಓನರ್‌ಗೆ ಕಂಪನಿ ಕೊಡುವುದಿಲ್ಲ, ಓನರ್ ಆ ಕೋಪ ಡ್ರೈವರ್ ಮೇಲೆ ತೋರಿಸುತ್ತಾರೆ. ಟ್ರಿಪ್‌ಗೆ ಇಷ್ಟೇ ಲೀಟರ್ ಅಂತ ಕಟ್ಟುನಿಟ್ಟು ಮಾಡುತ್ತಾರೆ. ಟ್ರಾಫಿಕ್‌ನಲ್ಲಿ ಐದು ಗಂಟೆ ಇಂಜಿನ್ ಓಡಿದರೆ ಆ ಡೀಸೆಲ್ ದುಡ್ಡನ್ನು ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ. ಅಪ್ಪನ ಹತ್ತಿರ ಒಂದು ಸಣ್ಣ ಪುಸ್ತಕ ಇರುತ್ತಿತ್ತು, ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಓನರ್ ಅದನ್ನು ಒಂದು ಸಲವೂ ತೆರೆದು ನೋಡಲಿಲ್ಲ. ನೀವು ಕಂಪನಿಯ ಹತ್ತಿರ ಕೇಳುವ ನ್ಯಾಯವನ್ನೇ ಡ್ರೈವರ್‌ಗೂ ಕೊಡಿ.

ಹನ್ನೆರಡು_ಚಕ್ರ
ನಿಮ್ಮ ಮಾತು ಮನಸ್ಸಿಗೆ ನಾಟಿತು. ನಾನು ಮುರಿದುಕೊಂಡಿಲ್ಲ, ಆದರೆ ಈ ತಿಂಗಳು ಎರಡು ಸಲ ರೇಗಿದ್ದೇನೆ. ತಪ್ಪು.

ಫ್ಯಾಕ್ಟರಿ_ಗೇಟ್
ಡ್ರೈವರ್_ಮಗ ಅವರೇ, ನಮ್ಮ ಗೇಟಿನಲ್ಲಿ ಕಾಯುವ ಹೊತ್ತಿಗೂ ಇದು ಸಂಬಂಧಿಸಿದ್ದು. ನಾಳೆಯಿಂದ ಎಂಟ್ರಿ ಟೈಮ್, ಎಕ್ಸಿಟ್ ಟೈಮ್ ಎರಡನ್ನೂ ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಯಲು ಹೇಳುತ್ತೇನೆ. ಅದು ನನ್ನ ಕೈಯಲ್ಲಿರುವ ಕೆಲಸ.

ಎರಡು_ಗಾಡಿ_ಅಕ್ಕ
ನಾನು ಹಾವೇರಿ ಕಡೆಯವಳು. ಯಜಮಾನರು ತೀರಿಕೊಂಡ ಮೇಲೆ ಎರಡು ಗಾಡಿ ನಾನೇ ನಡೆಸುತ್ತಿದ್ದೇನೆ. ಮೆಕ್ಕೆಜೋಳದ ಪಾರ್ಟಿಯ ಹತ್ತಿರ ಹೋದ ವರ್ಷ ಸರ್ಚಾರ್ಜ್ ಬರೆಸಿಕೊಂಡೆ. ದೊಡ್ಡ ವಿದ್ಯೆ ಏನೂ ಇಲ್ಲ. ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿದೆ. ಎಡಗಡೆ ಡೀಸೆಲ್ ರೇಟ್, ಬಲಗಡೆ ಟನ್‌ಗೆ ಬಾಡಿಗೆ. ರೇಟ್ ಒಂದೊಂದು ರೂಪಾಯಿ ಏರಿದ ಹಾಗೆ ಬಾಡಿಗೆ ಎಷ್ಟು, ಇಳಿದರೆ ಎಷ್ಟು, ಎಲ್ಲ ಮೊದಲೇ ಬರೆದಿದೆ. ಕೆಳಗೆ ಇಬ್ಬರ ಸಹಿ. ಈಗ ಡೀಸೆಲ್ ಏರಿದರೆ ಫೋನ್ ಮಾಡಿ ಗೋಗರೆಯುವ ಕೆಲಸ ಇಲ್ಲ. ಅವರ ಗುಮಾಸ್ತನೇ ಹಾಳೆ ನೋಡಿ ಬಿಲ್ ಹಾಕುತ್ತಾನೆ. ಏಪ್ರಿಲ್ 1ಕ್ಕೆ ಏರಿದ್ದು ಏಪ್ರಿಲ್ 2ರ ಲೋಡಿಗೆ ಸೇರಿ ಬಂತು.

ಹೆಂಗಸು ಅಂತ ಮೊದಲು ಏಜೆಂಟ್ ಹತ್ತಿರವೇ ಮಾತಾಡಿಸಿದರು. ನಾನು ಹಾಳೆಯನ್ನು ಮೇಜಿನ ಮೇಲೆ ಇಟ್ಟು ಕೂತೆ. ಲೆಕ್ಕ ಎದುರಿಗಿದ್ದರೆ ಯಾರ ಹತ್ತಿರ ಮಾತಾಡಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಟ್ರಾಫಿಕ್_ಡೆಸ್ಕ್
ಅಕ್ಕ, ಇದು ಅಪ್ಪಟ ಕೆಲಸ. ಕಾಂಟ್ರಾಕ್ಟಿನ ನಾಲ್ಕು ಪುಟಕ್ಕಿಂತ ಈ ಒಂದು ಹಾಳೆ ಮೇಲು.

ಬಯಲುಸೀಮೆ_ಲಾರಿ
ಅಕ್ಕಾ, ಆ ಹಾಳೆಯ ಫೋಟೊ ಹಾಕುತ್ತೀರಾ? ಪಾರ್ಟಿ ಹೆಸರು ಮುಚ್ಚಿ ಹಾಕಿ ಸಾಕು.

ಎರಡು_ಗಾಡಿ_ಅಕ್ಕ
ಸಂಜೆ ಹಾಕುತ್ತೇನೆ ತಮ್ಮ. ಟನ್ ಲೆಕ್ಕ ನಮ್ಮ ಊರಿನ ದೂರಕ್ಕೆ ಮಾತ್ರ ಸರಿ, ನಿಮ್ಮದನ್ನು ನೀವೇ ಹಾಕಿಕೊಳ್ಳಬೇಕು.

ಹನ್ನೆರಡು_ಚಕ್ರ
ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಹತ್ತು ದಿನ ಆಯ್ತು. ಅಕ್ಕನ ಹಾಗೇ ಕೋಷ್ಟಕ ಮಾಡಿ, ಟ್ರಾಫಿಕ್_ಡೆಸ್ಕ್ ಸರ್ ಹೇಳಿದ ಕಿಲೋಮೀಟರ್ ಲೆಕ್ಕದ ಜೊತೆ, ಆರು ಟ್ರಿಪ್‌ನ ಬಂಕ್ ಬಿಲ್ ಜೆರಾಕ್ಸ್ ಹಚ್ಚಿ ಕೊಟ್ಟೆ. ಇಳಿದರೆ ಇಳಿಸುತ್ತೇನೆ ಅಂತಲೂ ಬರೆದೆ. ಅದನ್ನು ಓದಿದ ಮೇಲೆ ಅವರ ಮ್ಯಾನೇಜರ್ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತಾಡಿದರು.

ಹಳೆಯ ಬಾಕಿ ಕೊಡುವುದಿಲ್ಲ ಅಂದರು. ಮುಂದಿನ ತಿಂಗಳ 1ರಿಂದ ಹೋಗುವ ದಾರಿಗೆ ಪೂರ್ತಿ, ಬರುವ ದಾರಿಗೆ ಅರ್ಧ. ಎರಡು ಪರ್ಸೆಂಟ್ ದಾಟಿದರೆ ಮಾತ್ರ. ಬೇಸ್ 85.93. ಹೋಗಿದ್ದು ಹೋಯಿತು, ನಾನು ಒಪ್ಪಿಕೊಂಡೆ.

ಟ್ರಾಫಿಕ್_ಡೆಸ್ಕ್
ತುಂಬಾ ಸಂತೋಷ. ಯಾವ ಊರಿನ ರೇಟ್, ಯಾವ ದಿನದ್ದು ಅಂತ ಬರೆಸಿದ್ದೀರಾ?

ಹನ್ನೆರಡು_ಚಕ್ರ
ಬೆಂಗಳೂರು, ಪ್ರತಿ ತಿಂಗಳ 1ನೇ ತಾರೀಖು ಬೆಳಿಗ್ಗೆ 6ರ ರೇಟ್. ಬರೆಸಿದ್ದೇನೆ ಸರ್.

ಬಳ್ಳಾರಿ_ಅದಿರು
ನಾನೂ ನಾಳೆ ನಮ್ಮ ಪಾರ್ಟಿ ಹತ್ತಿರ ಹೋಗುತ್ತಿದ್ದೇನೆ. ಬಳ್ಳಾರಿ ರೇಟ್ ಅಂತಲೇ ಬರೆಸುತ್ತೇನೆ, ಬೆಂಗಳೂರಿನದು ಬೇಡ. ಅಕ್ಕ, ಫೋಟೊ ಇನ್ನೂ ಬಂದಿಲ್ಲ.